ಪದಚರ್ಚೆ: ರೋಗಿಗಳ ‘ನೇಮಕಾತಿ’ಗೆ ಬೇರೆ ಪದ ಬೇಕು, ಸೋಮವಾರ ಸಂಜೆಯೊಳಗೆ

ಅನುವಾದಕಿ, ಕದ್ರಿ, ಮಂಗಳೂರು
ಶನಿವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ.

ಒಂದು ಪದ ತುರ್ತಾಗಿ ಬೇಕು. ಸೋಮವಾರ ಸಂಜೆ ಆರಕ್ಕೆ ಹಂಪನಕಟ್ಟೆಯ ಪ್ರೆಸ್ಸಿಗೆ ಫೈಲ್ ಕೊಡಬೇಕು. ಗುರುವಾರ ವಿಶ್ವ ಕಿಡ್ನಿ ದಿನ. ಇಲ್ಲಿನ ಒಂದು ಆಸ್ಪತ್ರೆಯವರು ಡಯಾಲಿಸಿಸ್ ವಾರ್ಡಿನ ಹೊರಗೆ ಹಾಕಲು ಒಂದು ಫಲಕ, ಕೈಗೆ ಕೊಡಲು ಎರಡು ಪುಟದ ಹಾಳೆ ಮಾಡಿಸುತ್ತಿದ್ದಾರೆ.

ವಿಷಯ ಅಮೆರಿಕದ ಕಿಡ್ನಿ ಪ್ರಿಸಿಷನ್ ಮೆಡಿಸಿನ್ ಪ್ರಾಜೆಕ್ಟ್. 2017ರಲ್ಲಿ ಅಲ್ಲಿನ ಸರ್ಕಾರದ ದುಡ್ಡಿನಲ್ಲಿ ಶುರುವಾದದ್ದು. ಕಿಡ್ನಿ ಕಾಯಿಲೆ ಇರುವವರು ತಾವಾಗಿಯೇ ಒಪ್ಪಿ ತಮ್ಮ ಕಿಡ್ನಿಯ ಸಣ್ಣ ತುಣುಕು ಕೊಡುತ್ತಾರೆ. ಅದರ ಜೀವಕೋಶಗಳನ್ನು ಒಂದೊಂದಾಗಿ ನೋಡಿ ಕಿಡ್ನಿಯ ನಕ್ಷೆ ಮಾಡುತ್ತಿದ್ದಾರೆ. ‘ಶುಗರ್‌ನಿಂದ ಕಿಡ್ನಿ ಹೋಯ್ತು’ ಅಂತ ನಾವು ಒಂದೇ ಮಾತಲ್ಲಿ ಹೇಳಿಬಿಡುತ್ತೇವೆ. ಆ ಒಂದು ಹೆಸರಿನೊಳಗೆ ಬೇರೆ ಬೇರೆ ಕಾಯಿಲೆಗಳು ಇರಬಹುದು. ಒಬ್ಬರದ್ದು ಇಪ್ಪತ್ತು ವರ್ಷ ಹಾಗೇ ನಡೆಯುತ್ತದೆ. ಇನ್ನೊಬ್ಬರದ್ದು ನಾಲ್ಕೈದು ವರ್ಷಕ್ಕೆ ಮೆಷಿನ್ ಹತ್ತಿರ ತಂದು ಕೂರಿಸುತ್ತದೆ. ಯಾಕೆ ಹೀಗೆ, ಯಾರಿಗೆ ಯಾವ ಚಿಕಿತ್ಸೆ ಅಂತ ಬಿಡಿಸಿ ನೋಡುವುದು ಅವರ ಗುರಿ. ಅದಕ್ಕೆ ಒಂದೇ ಥರದ ಜನ ಬಂದರೆ ಸಾಲದು. ಹಾಗಾಗಿ ‘ಡೈವರ್ಸ್’ ಪೇಷಂಟ್‌ಗಳನ್ನು ‘ರಿಕ್ರೂಟ್’ ಮಾಡುವುದು ಅಲ್ಲಿ ದೊಡ್ಡ ಕೆಲಸ.

ನನ್ನ ಮೊದಲ ಕರಡಿನ ತಲೆಬರಹ ಹೀಗಿತ್ತು: ‘ಮೂತ್ರಪಿಂಡ ರೋಗದ ನಿಖರ ವೈದ್ಯಕೀಯ ಸಂಶೋಧನೆಗೆ ವೈವಿಧ್ಯಮಯ ರೋಗಿಗಳ ನೇಮಕಾತಿ’.

ಅದನ್ನು ಹಿಡಿದುಕೊಂಡು ನಿನ್ನೆ ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತೆ. ಪಕ್ಕದಲ್ಲಿ ಬೆಂಗ್ರೆಯಿಂದ ಬಂದ ಒಬ್ಬ ಅಮ್ಮ. ದೊಡ್ಡ ಮಗ ಒಳಗೆ ಡಯಾಲಿಸಿಸ್‌ನಲ್ಲಿ. ನಾಲ್ಕು ಗಂಟೆ ಕಾಯಬೇಕು. ತಲೆಬರಹವನ್ನು ಓದಿ ಹೇಳಿದೆ. ಅವರು ಮಗನ ತೂಕ ಬರೆದ ಚೀಟಿಯನ್ನು ಮಡಚಿ ಮುಷ್ಟಿಯಲ್ಲಿ ಹಿಡಿದುಕೊಂಡು, “ನನ್ನ ಮಗನಿಗೂ ಕೊಡ್ತಾರಾ ಕೆಲಸ? ಸಂಬಳ ಎಷ್ಟಂತೆ?” ಅಂತ ಕೇಳಿದರು. ಅವನು ಬೋಟಿಗೆ ಹೋಗುವುದು ಬಿಟ್ಟು ಒಂದು ವರ್ಷವಾಯಿತಂತೆ.

ನನಗೆ ಬಾಯಿ ಬರಲಿಲ್ಲ. ಆ ಆಸೆ ಹುಟ್ಟಿಸಿದ್ದು ನನ್ನ ಪದ.

ಹಾಗಾಗಿ ಕೇಳುತ್ತಿದ್ದೇನೆ. ‘ನೇಮಕಾತಿ’ಗೆ ಬದಲು ಏನು? ‘ವೈವಿಧ್ಯಮಯ ರೋಗಿಗಳು’ ಅಂದರೆ ಕಾಯಿಲೆ ತರಾವರಿ ಅಂತಲೋ ಜನ ತರಾವರಿ ಅಂತಲೋ? ‘ಪ್ರಿಸಿಷನ್ ಮೆಡಿಸಿನ್’ಗೆ ‘ನಿಖರ’ ಸಾಕೇ?

&nbsp;

ನಿವೃತ್ತ ಕನ್ನಡ ಮೇಷ್ಟ್ರು, ಕುಂದಾಪುರ
ಶನಿವಾರ ಮಧ್ಯಾಹ್ನ

ತಂಗೀ, ‘ನೇಮಕಾತಿ’ಯ ಮೇಲೆ ಇಷ್ಟು ಕೋಪ ಬೇಡ.

ನಿಯಮ ತದ್ಭವವಾಗಿ ನೇಮ ಆಯಿತು. 1894ರಲ್ಲಿ ನಿಮ್ಮ ಮಂಗಳೂರಿನ ಬಾಸೆಲ್ ಮಿಷನ್ನಿನವರೇ ಅಚ್ಚು ಹಾಕಿದ ಕಿಟ್ಟೆಲ್ ನಿಘಂಟು ತೆಗೆದು ನೋಡಿ. ‘ವ್ರತ ನೇಮ’ ಅನ್ನುತ್ತೇವಲ್ಲ, ಅದೇ ನೇಮ. ವ್ರತವನ್ನು ಯಾರೂ ಬೇರೆಯವರ ಮೇಲೆ ಹೊರಿಸುವುದಿಲ್ಲ. ಮನುಷ್ಯ ತಾನೇ ಹಿಡಿಯುತ್ತಾನೆ. ಹಾಗಾಗಿ ‘ನೇಮ’ದ ಒಳಗೆ ಸ್ವಂತ ಇಚ್ಛೆ ಉಂಟು. ಸರ್ಕಾರಿ ಜಾಹೀರಾತುಗಳು ಆ ಪದವನ್ನು ನೌಕರಿಗೆ ಕಟ್ಟಿಹಾಕಿದವು. ಅದು ಪದದ ತಪ್ಪಲ್ಲ. ಬಿಡಿಸಿಕೊಳ್ಳುವುದು ನಮ್ಮ ಕೆಲಸ.

‘ನಿಖರ’ ಸರಿಯಾಗಿದೆ. ಬದಲಿಸಬೇಡಿ.

&nbsp;

ಪುತ್ತೂರಿನಿಂದ
ಶನಿವಾರ ಮಧ್ಯಾಹ್ನ

‘ಭರ್ತಿ’ ಅಂತ ಬರೆಯಿರಿ. ಎಲ್ಲರಿಗೂ ಗೊತ್ತು. ಮುಗಿಯಿತು.

&nbsp;

ಸಾಫ್ಟ್‌ವೇರ್ ಕೆಲಸದವನು, ಉಡುಪಿ
ಶನಿವಾರ ಸಂಜೆ

ಮೇಷ್ಟ್ರು ಸಕ್ಕದದಿಂದ, ಅಂದರೆ ಸಂಸ್ಕೃತದಿಂದ, ಹೊರಗೆ ಬರುವುದೇ ಇಲ್ಲ. ‘ಭರ್ತಿ’ ಹಿಂದಿಯದ್ದು, ಅದನ್ನು ಕೈಯಲ್ಲೂ ಮುಟ್ಟಬಾರದು. ನಮ್ಮ ನುಡಿಯಲ್ಲಿ ಪದ ಕಟ್ಟುವ ಕಸುವು ಇದ್ದಾಗ ಸಾಲ ಯಾಕೆ? ಸಂಶೋಧನೆಗೆ ‘ಅರಕೆ’, ರೋಗಿಗೆ ‘ಬೇನೆಯಾಳು’, ರಿಕ್ರೂಟ್ ಮಾಡುವುದಕ್ಕೆ ‘ಕೂಡಿಸಿಕೊಳ್ಳುವಿಕೆ’. ‘ಬೇನೆಯಾಳುಗಳನ್ನು ಅರಕೆಗೆ ಕೂಡಿಸಿಕೊಳ್ಳುವಿಕೆ’. ಓದಿ ನೋಡಿ, ಒಂದು ಸಕ್ಕದ ಪದವೂ ಇಲ್ಲ, ಇಂಗ್ಲಿಶೂ ಇಲ್ಲ. ಮೊದಮೊದಲು ಹೊಸದು ಅನಿಸುತ್ತದೆ. ಬಳಸಿದರೆ ಬಳಕೆಗೆ ಬರುತ್ತದೆ.

ಇನ್ನೊಂದು ಮಾತು. ಫಲಕದಲ್ಲಿ ‘ಕಿಡ್ನಿ’ ಅಂತ ಬರೆಯುವುದಾದರೆ ನಾವು ಇಲ್ಲಿ ಪದಚರ್ಚೆ ಮಾಡುವುದೇ ಸುಮ್ನೆ. ತಮಿಳರು ‘ಸಿರುನೀರಗಂ’ ಅಂತ ತಮ್ಮದೇ ಪದ ಕಟ್ಟಿಕೊಂಡರು. ಅಲ್ಲಿ ಆಸ್ಪತ್ರೆಯ ಬೋರ್ಡಿನಲ್ಲೂ ಅದೇ ಉಂಟು.

&nbsp;

ಡಯಾಲಿಸಿಸ್ ಟೆಕ್ನಿಷಿಯನ್, ಮಣಿಪಾಲ
ಶನಿವಾರ ರಾತ್ರಿ

ನಾನು ಭಾಷೆ ಓದಿದವನಲ್ಲ. ವಾರ್ಡಿನಲ್ಲಿ ಏನು ಹೇಳುತ್ತಾರೆ ಅಂತ ಮಾತ್ರ ಹೇಳುತ್ತೇನೆ.

ಡಾಕ್ಟರ್‌ಗಳು ‘ಎನ್ರೋಲ್ ಮಾಡಿದೆವು’ ಅನ್ನುತ್ತಾರೆ. ರೋಗಿಗಳು ‘ನನ್ನನ್ನು ಸ್ಟಡಿಗೆ ಹಾಕಿದ್ದಾರೆ’ ಅನ್ನುತ್ತಾರೆ. ‘ನಾನು ಸೇರಿದೆ’ ಅಂತ ಹೇಳಿದ ಒಬ್ಬರನ್ನೂ ನಾನು ಕಂಡಿಲ್ಲ. ಯಾವಾಗಲೂ ಬೇರೆ ಯಾರೋ ಅವರನ್ನು ‘ಹಾಕಿರುತ್ತಾರೆ’.

‘ಸೇರಿಸಿಕೊಳ್ಳುವುದು’ ಅಂತ ಮಾತ್ರ ಬರೆಯಬೇಡಿ ಅಕ್ಕಾ. ರೋಗಿಗೆ ‘ಸೇರಿಸಿಕೊಳ್ತಾರೆ’ ಅಂದರೆ ಅಡ್ಮಿಟ್. ಬಟ್ಟೆಬರೆ, ಫ್ಲಾಸ್ಕ್ ಕಟ್ಟಿಕೊಂಡು ಬರುತ್ತಾರೆ.

ಪದದ ತೊಂದರೆ ಅಲ್ಲಿಗೇ ನಿಲ್ಲುವುದಿಲ್ಲ. ಹಿಂದೆ ನಾನು ಕೆಲಸ ಮಾಡಿದ ಕಡೆ ಒಂದು ಒಪ್ಪಿಗೆ ಪತ್ರ ಇತ್ತು. ಅದರಲ್ಲಿ ‘ಮೂತ್ರಪಿಂಡದ ಅಂಗಾಂಶವನ್ನು ತೆಗೆಯಲಾಗುವುದು’ ಅಂತ ಬರೆದಿತ್ತು. ಓದುಬರಹ ಚೆನ್ನಾಗಿ ಬರುವ ಹುಡುಗ. ಮೂರು ಸಲ ಓದಿದ. ಬೆರಳನ್ನು ‘ಅಂಗ’ದ ಮೇಲೆ ಇಟ್ಟು, “ಎರಡೂ ತೆಗೀತಾರಾ, ಒಂದಾ?” ಅಂತ ಕೇಳಿದ. ನಾನು ವಿವರಿಸುವ ಮೊದಲೇ ಅವನ ಅಪ್ಪ ಎದ್ದು ನಿಂತಾಗಿತ್ತು. ಕಿಡ್ನಿ ಕದಿಯುವ ಸುದ್ದಿಯನ್ನು ಪೇಪರಿನಲ್ಲಿ ಓದಿದ ಜನ. ಅವರು ಹೆದರಿದ್ದರಲ್ಲಿ ತಪ್ಪಿಲ್ಲ.

ಇದಕ್ಕೆ ಬಯಾಪ್ಸಿ ಅನ್ನುತ್ತಾರೆ. ನಿಜವಾಗಿ ಆಗುವುದು ಇಷ್ಟು. ರೋಗಿ ಬೋರಲು ಮಲಗಬೇಕು. ಬೆನ್ನಿಗೆ ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರೆ. ಸ್ಕ್ಯಾನಿಂಗ್‌ನಲ್ಲಿ ನೋಡಿಕೊಂಡು ಸೂಜಿ ಹಾಕುತ್ತಾರೆ. ‘ಉಸಿರು ಹಿಡೀರಿ’ ಅಂದ ಕೂಡಲೇ ‘ಟಕ್’ ಅಂತ ಒಂದು ಶಬ್ದ. ಬರುವುದು ಶ್ಯಾವಿಗೆಯ ಎಳೆಯಂಥದ್ದು, ಉದ್ದ ಒಂದೆರಡು ಸೆಂಟಿಮೀಟರ್. ಆಮೇಲೆ ಗಂಟೆಗಟ್ಟಲೆ ಅಲುಗಾಡದೆ ಅಂಗಾತ ಮಲಗಬೇಕು. ಮೂತ್ರದಲ್ಲಿ ರಕ್ತ ಕಾಣಬಹುದು. ಕೆಲವರಿಗೆ ಒಳಗೆ ರಕ್ತಸ್ರಾವ ಆಗುವುದೂ ಉಂಟು, ಅದನ್ನು ಮುಚ್ಚಿಡಬಾರದು. ‘ಶ್ಯಾವಿಗೆ ಎಳೆಯಷ್ಟು ತುಣುಕು’ ಅಂತ ಬರೆಯಿರಿ. ಎಲ್ಲರಿಗೂ ಕಣ್ಣಿಗೆ ಬರುತ್ತದೆ.

&nbsp;

ತುಳು ಪದ ಹುಡುಕುವವನು, ಕಾರ್ಕಳ
ಭಾನುವಾರ ಬೆಳಿಗ್ಗೆ

ಕುಂದಾಪುರದ ಮೇಷ್ಟ್ರು ನೇಮದ ಅರ್ಧ ಮಾತ್ರ ಹೇಳಿದರು. ಇಲ್ಲಿ ‘ನೇಮ’ ಅಂದರೆ ಮೊದಲು ಮನಸ್ಸಿಗೆ ಬರುವುದು ದೈವದ ನೇಮ, ಊರ ದೈವಕ್ಕೆ ನಡೆಸುವ ಸೇವೆ. ಕೋಲ ಬೇರೆ, ನೇಮ ಬೇರೆ ಅಂತ ಹೇಳುವವರೂ ಇದ್ದಾರೆ. ನೇಮಕ್ಕೆ ದಿನ ಗೊತ್ತುಮಾಡಬೇಕು, ಊರವರು ಕೂಡಬೇಕು, ದೈವದ ವೇಷ ಕಟ್ಟುವವರು ಕಟ್ಟಬೇಕು. ಅಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕೆಲಸ ನೇಮಿಸಿ ಆಗಿರುತ್ತದೆ, ತಪ್ಪಿಸಿಕೊಳ್ಳುವ ಹಾಗಿಲ್ಲ. ‘ನೇಮದ ಒಳಗೆ ಸ್ವಂತ ಇಚ್ಛೆ’ ಅನ್ನುವುದು ಘಟ್ಟದ ಮೇಲಿನ ವಾದ.

&nbsp;

ನಿವೃತ್ತ ಕನ್ನಡ ಮೇಷ್ಟ್ರು, ಕುಂದಾಪುರ
ಭಾನುವಾರ ಬೆಳಿಗ್ಗೆ

ಕುಂದಾಪುರ ಘಟ್ಟದ ಮೇಲಿಲ್ಲ. ತುಳುವಿನ ನೇಮವೂ ನಿಯಮದಿಂದಲೇ ಬಂದದ್ದು. ಮೂಲ ಒಂದೇ. ಬಾಕಿ ಎಲ್ಲ ಬಳಕೆಯ ಮಾತು.

&nbsp;

ಅನುವಾದಕಿ, ಕದ್ರಿ
ಭಾನುವಾರ ಮಧ್ಯಾಹ್ನ

ಮೇಷ್ಟ್ರೇ, ಬಳಕೆಯ ಮಾತೇ ನನಗೆ ಬೇಕಾದದ್ದು. ಬೆಂಚಿನಲ್ಲಿ ಕೂತ ಅಮ್ಮನಿಗೆ ನಿಯಮ, ತದ್ಭವ ಹೇಳಿಕೊಂಡು ಕೂರಲು ಆಗುವುದಿಲ್ಲ. ಅವರು ‘ನೇಮಕಾತಿ’ಯನ್ನು ಕೆಲಸ ಅಂತಲೇ ಓದಿದರು, ಸರಿಯಾಗಿಯೇ ಓದಿದರು.

ಪುತ್ತೂರಿನವರಿಗೆ: ಸೀಟು ಭರ್ತಿ, ಟ್ಯಾಂಕ್ ಭರ್ತಿ, ಹುದ್ದೆ ಭರ್ತಿ. ಜನರಿಂದ ಒಂದು ಖಾಲಿಯನ್ನು ತುಂಬಿಸುವ ಪದ ಅದು. ಬೇಡ.

ಉಡುಪಿಯವರಿಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಿಮ್ಮ ಪ್ರೀತಿ ಅರ್ಥವಾಗುತ್ತದೆ. ಆದರೆ ನಮ್ಮ ಕಡೆ ‘ಬೇನೆ’ ಅಂದರೆ ನೋವು. ಕಿಡ್ನಿ ಕಾಯಿಲೆಯ ಕಷ್ಟವೇ ಅದು ನೋಯುವುದಿಲ್ಲ ಅನ್ನುವುದು. ಎಷ್ಟೋ ಜನರಿಗೆ ಕಾಲು ಬಾತು, ಊಟ ಸೇರದೆ ಹೋದ ಮೇಲೆಯೇ ಗೊತ್ತಾಗುವುದು. ‘ಬೇನೆಯಾಳು’ ಅಂತ ಬರೆದರೆ ‘ನನಗೆ ಬೇನೆ ಇಲ್ಲವಲ್ಲ’ ಅಂತ ಎದ್ದು ಹೋಗುತ್ತಾರೆ. ಇನ್ನು ‘ಅರಕೆ’. ಅದನ್ನು ಜನ ‘ಹರಕೆ’ ಅಂತ ಓದುತ್ತಾರೆ ಮಾರಾಯ್ರೆ. ಆ ಬೆಂಚಿನಲ್ಲಿ ಕೂತವರಲ್ಲಿ ಕಟೀಲಿಗೋ ಧರ್ಮಸ್ಥಳಕ್ಕೋ ಉಳ್ಳಾಲ ದರ್ಗಾಕ್ಕೋ ಹರಕೆ ಹೇಳದವರು ಕಡಿಮೆ. ಅವರ ಕಣ್ಣೆದುರು ‘ಕಿಡ್ನಿ ಅರಕೆ’ ಅಂತ ದೊಡ್ಡ ಅಕ್ಷರದಲ್ಲಿ ತೂಗುಹಾಕಲು ನನ್ನಿಂದ ಆಗುವುದಿಲ್ಲ.

ಮಣಿಪಾಲದ ತಮ್ಮ ಬರೆದದ್ದನ್ನು ರಾತ್ರಿಯಿಡೀ ಯೋಚಿಸಿದೆ. ‘ಸ್ಟಡಿಗೆ ಹಾಕಿದ್ದಾರೆ’. ತೊಂದರೆ ಇರುವುದು ನಾಮಪದದಲ್ಲಿ ಅಂತ ನಾನು ಅಂದುಕೊಂಡಿದ್ದೆ. ಅದು ಕ್ರಿಯಾಪದದಲ್ಲಿ ಉಂಟು. ನಮ್ಮ ಕರಡುಗಳನ್ನೆಲ್ಲ ತೆಗೆದು ನೋಡಿ: ಸೇರಿಸು, ಒಳಪಡಿಸು, ಕೂಡಿಸಿಕೊಳ್ಳು, ಭರ್ತಿ ಮಾಡು. ಎಲ್ಲದರಲ್ಲೂ ಮಾಡುವವರು ಡಾಕ್ಟರು. ರೋಗಿಗೆ ದ್ವಿತೀಯಾ ವಿಭಕ್ತಿ. ‘ಇಸು’ ಬಂದ ಕೂಡಲೇ ರೋಗಿ ‘ಅನ್ನು’ ಆಗಿಬಿಡುತ್ತಾರೆ. ‘ಒಪ್ಪು’ ಎಷ್ಟು ಒಳ್ಳೆಯ ಪದ! ಅದಕ್ಕೆ ‘ಇಸು’ ಹಚ್ಚಿ. ‘ಒಪ್ಪಿಸು’ ಅಂದರೆ ಮನವೊಲಿಸುವುದೂ ಹೌದು, ಇನ್ನೊಬ್ಬರ ಕೈಗೆ ಕೊಟ್ಟುಬಿಡುವುದೂ ಹೌದು. ‘ರೋಗಿಗಳನ್ನು ಒಪ್ಪಿಸಿ ತುಣುಕು ಪಡೆಯಲಾಗುವುದು’ ಅಂತ ನಾನೇ ಎರಡನೇ ಪುಟದಲ್ಲಿ ಬರೆದಿದ್ದೆ. ಇವತ್ತು ಓದಿದಾಗ ಮೈ ಜುಂ ಅಂತು.

ಇದು ಬರೀ ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ. ನಮ್ಮ ಐಸಿಎಂಆರ್‌, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೀತಿ ಮಾರ್ಗಸೂಚಿಯ ಹೆಸರನ್ನೇ ನೋಡಿ. 2000ದಲ್ಲಿ ಅದು ‘ಹ್ಯೂಮನ್ ಸಬ್ಜೆಕ್ಟ್ಸ್’ ಮೇಲಿನ ಸಂಶೋಧನೆ. 2006ರಲ್ಲಿ ‘ಸಬ್ಜೆಕ್ಟ್ಸ್’ ಹೋಗಿ ‘ಪಾರ್ಟಿಸಿಪೆಂಟ್ಸ್’ ಆಯಿತು, ‘ಮೇಲೆ’ ಮಾತ್ರ ಉಳಿಯಿತು. 2017ರಲ್ಲಿ ಆ ‘ಮೇಲೆ’ಯೂ ಹೋಯಿತು. ಈಗ ಅದು ಮನುಷ್ಯರನ್ನು ಒಳಗೊಂಡ ಸಂಶೋಧನೆ. ಒಂದು ‘ಮೇಲೆ’ ಇಳಿಯಲು ಹದಿನೇಳು ವರ್ಷ ಹಿಡಿಯಿತು. ಅವರು ಇಷ್ಟು ಕಷ್ಟಪಟ್ಟು ಇಳಿಸಿದ್ದನ್ನು ನಾವು ಕನ್ನಡದಲ್ಲಿ ಮತ್ತೆ ಹತ್ತಿಸುವುದೇ?

ಅಮೆರಿಕದಲ್ಲಿ ಈ ಎಚ್ಚರ ಯಾಕೆ ಜಾಸ್ತಿ ಅನ್ನುವುದಕ್ಕೂ ಪದವೇ ಕಾರಣ. ಅಲಬಾಮದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ಅನ್ನುವ ಲೈಂಗಿಕ ಕಾಯಿಲೆಯ ಒಂದು ಅಧ್ಯಯನ ನಡೆಯಿತು. ಸುಮಾರು 600 ಮಂದಿ, ಎಲ್ಲರೂ ಆಫ್ರಿಕಾ ಮೂಲದ ಬಡ ಗಂಡಸರು. ಅವರಲ್ಲಿ 399 ಜನರಿಗೆ ಸಿಫಿಲಿಸ್ ಇತ್ತು. ಆ ಹೆಸರನ್ನೇ ಅವರಿಗೆ ಹೇಳಲಿಲ್ಲ. ‘ನಿಮ್ಮದು ಕೆಟ್ಟ ರಕ್ತ’ ಅಂದರು. ಬೆನ್ನುಹುರಿಯಿಂದ ನೀರು ತೆಗೆಯುವ ಪರೀಕ್ಷೆಗೆ ‘ವಿಶೇಷ ಉಚಿತ ಚಿಕಿತ್ಸೆ’ ಅಂತ ಕಾಗದ ಕಳಿಸಿದರು. ಅದನ್ನು ಗುಣಪಡಿಸುವ ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ಒಂದು ಸುಳ್ಳು ಪದದಿಂದ ನಲವತ್ತು ವರ್ಷ ನಡೆಸಿದರು. ಆ ಜನರ ಮೊಮ್ಮಕ್ಕಳ ಹತ್ತಿರ ಇವತ್ತು ಹೋಗಿ ‘ಕಿಡ್ನಿಯ ತುಣುಕು ಕೊಡಿ’ ಅಂದರೆ ಅವರು ಯಾಕೆ ನಂಬಬೇಕು? ಅದಕ್ಕೇ ಈ ಕಿಡ್ನಿ ಪ್ರಾಜೆಕ್ಟ್‌ನವರು ರೋಗಿಗಳನ್ನೇ ಸಮಿತಿಗಳಲ್ಲಿ ಕೂರಿಸಿಕೊಂಡರು.

ಇದೇ ಕಾರಣಕ್ಕೆ ‘ನಿಖರ ಚಿಕಿತ್ಸೆ’ಯೂ ಬೇಡ ಮೇಷ್ಟ್ರೇ. ತುಣುಕು ಕೊಟ್ಟವರಿಗೆ ನಾಳೆಯೇ ನಿಖರವಾದ ಚಿಕಿತ್ಸೆ ಸಿಗುತ್ತದೆ ಅಂತ ಅರ್ಥ ಬರುತ್ತದೆ. ಸಿಗುವುದಿಲ್ಲ. ಸದ್ಯಕ್ಕೆ ಹುಡುಕುತ್ತಿದ್ದಾರೆ, ಅಷ್ಟೇ. ‘ಅವರವರ ಕಾಯಿಲೆಗೆ ತಕ್ಕ ಚಿಕಿತ್ಸೆ ಯಾವುದೆಂದು ಹುಡುಕುವ ಸಂಶೋಧನೆ’ ಅಂತ ಬಿಡಿಸಿ ಬರೆಯುತ್ತೇನೆ. ಉದ್ದವಾಯಿತು, ಆಗಲಿ.

&nbsp;

ತುಳು ಪದ ಹುಡುಕುವವನು, ಕಾರ್ಕಳ
ಭಾನುವಾರ ಸಂಜೆ

‘ಡೈವರ್ಸ್’ ಬಗ್ಗೆ ಯಾರೂ ಮಾತಾಡಲಿಲ್ಲ. ‘ವೈವಿಧ್ಯಮಯ’ ಅಂದರೆ ಸಾಂಸ್ಕೃತಿಕ ಕಾರ್ಯಕ್ರಮ, ಇಲ್ಲದಿದ್ದರೆ ಸೀರೆ ಅಂಗಡಿ. ‘ಎಲ್ಲ ಜನಾಂಗದ ರೋಗಿಗಳು’ ಅಂತ ಬರೆಯಬಹುದಲ್ಲ?

&nbsp;

ಅನುವಾದಕಿ, ಕದ್ರಿ
ಭಾನುವಾರ ರಾತ್ರಿ

‘ಜನಾಂಗ’ ನನ್ನ ಎರಡನೇ ಕರಡಿನಲ್ಲಿ ಇತ್ತು. ತೆಗೆದೆ. ಇಂಗ್ಲಿಷಿನ ‘ರೇಸ್’ಗೆ ಪುಸ್ತಕದಲ್ಲಿ ಅದೇ ಪದ. ಆದರೆ ಇಲ್ಲಿ ‘ಯಾವ ಜನಾಂಗ?’ ಅಂತ ಕೇಳಿದರೆ ಜಾತಿ ಹೇಳುತ್ತಾರೆ. ಆಸ್ಪತ್ರೆಯ ಗೋಡೆಯಲ್ಲಿ ‘ಎಲ್ಲ ಜನಾಂಗದವರೂ ಬೇಕು’ ಅಂತ ಹಾಕಿದರೆ ಪಟ್ಟಿ ಮಾಡುತ್ತಿದ್ದಾರೆ, ಯಾವುದೋ ಲೆಕ್ಕ ತೆಗೆಯುತ್ತಿದ್ದಾರೆ ಅಂತ ಆಗುತ್ತದೆ.

ಅಲ್ಲಿಯೂ ಆ ಪದ ಸುಲಭದ್ದಲ್ಲ. ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅಂತ, ರಕ್ತದಲ್ಲಿ ಉಳಿದ ಕ್ರಿಯಾಟಿನಿನ್ ಅನ್ನುವ ಕಸದಿಂದ ಲೆಕ್ಕ ಹಾಕುವ ಒಂದು ಸೂತ್ರ ಉಂಟು. 2009ರ ಸೂತ್ರದಲ್ಲಿ ಆಫ್ರಿಕಾ ಮೂಲದವರಾದರೆ ಬಂದ ಉತ್ತರವನ್ನು 1.159ರಿಂದ ಗುಣಿಸಬೇಕಿತ್ತು. ಅಂದರೆ ಕಾಗದದ ಮೇಲೆ ಅವರ ಕಿಡ್ನಿ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತಿತ್ತು. ಕಸಿಗೆ ಹೆಸರು ಬರೆಸುವುದೂ ತಡವಾಗುತ್ತಿತ್ತು. 2021ರಲ್ಲಿ ಆ ಗುಣಾಕಾರವನ್ನು ತೆಗೆದು ಹೊಸ ಸೂತ್ರ ಮಾಡಿದರು.

ಹಾಗಂತ ಮೂಲ ಬೇರೆ ಅನ್ನುವುದನ್ನು ಪೂರ್ತಿ ಬಿಡುವ ಹಾಗೂ ಇಲ್ಲ. ಎಪಿಒಎಲ್‌1 ಅಂತ ಒಂದು ಜೀನ್. ಅದರ ಎರಡು ಬಗೆಗಳು ಪಶ್ಚಿಮ ಆಫ್ರಿಕಾ ಮೂಲದವರಲ್ಲಿ ಹೆಚ್ಚು. ಸೆಟ್ಸೆ ನೊಣದಿಂದ ಬರುವ ನಿದ್ರೆ ಕಾಯಿಲೆಯಿಂದ ಅವು ಕಾಪಾಡುತ್ತವೆ. ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬಂದರೆ ಕಿಡ್ನಿ ಕಾಯಿಲೆಯ ಅಪಾಯ ಬಹಳ ಏರುತ್ತದೆ. ಇದು ಗೊತ್ತಾದದ್ದು 2010ರಲ್ಲಿ. ಅಲ್ಲಿಯವರೆಗೆ ಅಂಥವರಲ್ಲಿ ಎಷ್ಟೋ ಮಂದಿಗೆ ‘ಬಿಪಿಯಿಂದ ಕಿಡ್ನಿ ಹೋಯ್ತು’ ಅಂತಲೇ ಹೇಳುತ್ತಿದ್ದರು. ಆ ಜೀನಿನ ಕೆಲಸವನ್ನು ತಡೆಯುವ ಒಂದು ಮಾತ್ರೆಯನ್ನು ರೋಗಿಗಳಿಗೆ ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶ 2023ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಯುರೋಪ್ ಮೂಲದವರನ್ನು ಮಾತ್ರ ನೋಡಿದ್ದರೆ ಈ ಜೀನಿನ ಈ ಬಗೆಗಳು ಸಿಗುತ್ತಲೇ ಇರಲಿಲ್ಲ. ಅಮೆರಿಕದ ಜನಸಂಖ್ಯೆಯಲ್ಲಿ ಆಫ್ರಿಕಾ ಮೂಲದವರು ಸುಮಾರು 13%. ಕಿಡ್ನಿ ಪೂರ್ತಿ ಸೋತವರಲ್ಲಿ ಅವರು ಮೂರನೇ ಒಂದರಷ್ಟು. ‘ಡೈವರ್ಸ್’ ಅನ್ನುವ ಪದದ ಹಿಂದೆ ಇಷ್ಟೆಲ್ಲ ಉಂಟು.

ನಮ್ಮ ಭಾಷೆಯಲ್ಲಿ ಇದಕ್ಕೆ ಒಂದು ಗುಣವಾಚಕ ಸಿಗುವುದಿಲ್ಲ ಅಂತ ನನಗೆ ಅನಿಸಿದೆ. ಆದರೆ ಜೋಡಿಸಿ ಹೇಳುವ ಕ್ರಮ ಚೆನ್ನಾಗಿ ಉಂಟು. ‘ಗಂಡಸರು ಹೆಂಗಸರು, ಪೇಟೆಯವರು ಹಳ್ಳಿಯವರು, ಇದ್ದವರು ಇಲ್ಲದವರು, ಬೇರೆ ಬೇರೆ ಮೂಲದವರು’. ಹೀಗೆ ಬಿಡಿಸಿದರೆ ಓದುವವರಿಗೆ ತಮ್ಮನ್ನು ಹುಡುಕಿಕೊಳ್ಳಲು ಒಂದು ಜಾಗ ಸಿಗುತ್ತದೆ.

&nbsp;

ಡಯಾಲಿಸಿಸ್ ಟೆಕ್ನಿಷಿಯನ್, ಮಣಿಪಾಲ
ಭಾನುವಾರ ರಾತ್ರಿ

‘ಹತ್ತಿರದವರು ದೂರದವರು’ ಅಂತಲೂ ಸೇರಿಸಿ ಅಕ್ಕಾ. ಬೈಂದೂರಿನಿಂದ, ಹೆಬ್ರಿಯಿಂದ ಬರುವವರು ಎರಡು ಬಸ್ ಬದಲಿಸಬೇಕು. ಡಯಾಲಿಸಿಸ್ ದಿನ ಹೇಗೂ ಕೂಲಿ ಹೋಗುತ್ತದೆ. ಸಂಶೋಧನೆಗೆ ಅಂತ ಇನ್ನೊಂದು ದಿನ ಬನ್ನಿ ಅಂದರೆ ಬರುವುದು ಆಸ್ಪತ್ರೆಯ ಸುತ್ತಮುತ್ತ ಮನೆ ಇದ್ದವರು ಮಾತ್ರ. ಪದ ಎಷ್ಟೇ ಚೆಂದ ಇದ್ದರೂ ಬಸ್ ಚಾರ್ಜಿನ ಮಾತು ಬರೆಯದಿದ್ದರೆ ‘ಎಲ್ಲ ಥರದ ಜನ’ ಬರುವುದಿಲ್ಲ.

&nbsp;

ಸಾಫ್ಟ್‌ವೇರ್ ಕೆಲಸದವನು, ಉಡುಪಿ
ಭಾನುವಾರ ರಾತ್ರಿ

‘ಹರಕೆ’ಯ ಮಾತು ಒಪ್ಪುತ್ತೇನೆ. ಅದು ನನಗೆ ಹೊಳೆದಿರಲಿಲ್ಲ, ವಾಪಸ್ ತೆಗೆದುಕೊಂಡೆ. ‘ಕಿಡ್ನಿ’ಯನ್ನು ಮಾತ್ರ ಒಪ್ಪುವುದಿಲ್ಲ. ಇವತ್ತು ಕಿಡ್ನಿ, ನಾಳೆ ಲಿವರ್, ನಾಡಿದ್ದು ಹಾರ್ಟ್. ಮೈಯ ಒಳಗಿನದ್ದೆಲ್ಲ ಇಂಗ್ಲಿಶ್ ಆದ ಮೇಲೆ ಕನ್ನಡ ಮೈಯ ಹೊರಗೆ ಇರಬೇಕೇ?

&nbsp;

ನಿವೃತ್ತ ಕನ್ನಡ ಮೇಷ್ಟ್ರು, ಕುಂದಾಪುರ
ಸೋಮವಾರ ಬೆಳಿಗ್ಗೆ

ಈ ಒಂದು ಮಾತಿನಲ್ಲಿ ನಾನು ಉಡುಪಿಯ ಹುಡುಗನ ಪಕ್ಷ. ‘ಮೂತ್ರಪಿಂಡ’ ಶಾಲೆಯ ಪುಸ್ತಕದಲ್ಲಿ ಉಂಟು, ಪೇಪರಿನಲ್ಲಿ ಉಂಟು. ಅದನ್ನು ಬಿಟ್ಟುಕೊಟ್ಟರೆ ನಮ್ಮ ಮಕ್ಕಳಿಗೆ ಆ ಪದವೇ ಬೇಡವಾಗುತ್ತದೆ.

&nbsp;

ತುಳು ಪದ ಹುಡುಕುವವನು, ಕಾರ್ಕಳ
ಸೋಮವಾರ ಬೆಳಿಗ್ಗೆ

‘ಇಗರ್ಜಿ’ ಪೋರ್ಚುಗೀಸರದ್ದು. ‘ಚಾವಿ’ ಪೋರ್ಚುಗೀಸರದ್ದು. ‘ಪಗಾರ’ವೂ ಅವರದ್ದೇ. ‘ಕರಾರು’ ಅರಬ್ಬಿಯದ್ದು. ‘ಆಸ್ಪತ್ರೆ’ ಎಲ್ಲಿಂದ ಬಂತು ಅಂತ ಹೇಳಬೇಕಾಗಿಲ್ಲ. ಈ ಕರಾವಳಿಗೆ ಹಡಗು ಬಂದ ಹಾಗೆ ಪದ ಬಂದಿದೆ. ಆಸ್ಪತ್ರೆಯನ್ನು ಒಳಗೆ ಬಿಟ್ಟವರು ಕಿಡ್ನಿಯನ್ನು ಬಾಗಿಲಲ್ಲಿ ನಿಲ್ಲಿಸುವುದು ಯಾಕೆ?

&nbsp;

ಸಾಫ್ಟ್‌ವೇರ್ ಕೆಲಸದವನು, ಉಡುಪಿ
ಸೋಮವಾರ ಬೆಳಿಗ್ಗೆ

ಆಸ್ಪತ್ರೆ ಕನ್ನಡದ ಬಾಯಿಗೆ ಬಗ್ಗಿ ಬಂತು. ಕಿಡ್ನಿ ಬಗ್ಗಿಲ್ಲ. ಎರಡೂ ಒಂದೇ ಅಲ್ಲ.

&nbsp;

ಅನುವಾದಕಿ, ಕದ್ರಿ
ಸೋಮವಾರ ಬೆಳಿಗ್ಗೆ

ಮೇಷ್ಟ್ರೇ, ಉಡುಪಿಯವರೇ, ಈ ಜಗಳವನ್ನು ಮುಂದೆ ಖಂಡಿತ ಆಡೋಣ. ನನಗೂ ಹೇಳುವುದು ಉಂಟು. ಇವತ್ತಿಗೆ ಒಂದೇ ಮಾತು. ಎಷ್ಟೋ ಮಂದಿ ‘ಮೂತ್ರಪಿಂಡ’ವನ್ನೂ ‘ಮೂತ್ರಕೋಶ’ವನ್ನೂ ಒಂದೇ ಅಂತ ತಿಳಿದುಕೊಂಡಿದ್ದಾರೆ. ‘ಪಿಂಡ’ ಅಂದರೆ ಇಲ್ಲಿ ಹನ್ನೊಂದನೇ ದಿನದ ನೆನಪು ಬೇರೆ. ಮನೆಯಲ್ಲಿ ಜೀವ ಹಿಡಿದುಕೊಂಡು ಕೂತವರಿಗೆ ಆ ಪದವನ್ನು ಪದೇ ಪದೇ ಓದಿಸಲು ನನಗೆ ಮನಸ್ಸಿಲ್ಲ. ಮೊದಲ ಸಲ ‘ಕಿಡ್ನಿ, ಅಂದರೆ ಮೂತ್ರಪಿಂಡ’ ಅಂತ ಎರಡನ್ನೂ ಬರೆಯುತ್ತೇನೆ. ಆಮೇಲೆಲ್ಲ ಕಿಡ್ನಿ.

ಈಗ ‘ರಿಕ್ರೂಟ್’. ‘ಪಾಲ್ಗೊಳ್ಳು’ ಚೆನ್ನಾಗಿ ಉಂಟು, ಮಾಡುವವರು ರೋಗಿಯೇ. ಆದರೆ ರಿಕ್ರೂಟ್ ಮಾಡುವುದು ಅದಕ್ಕಿಂತ ಮುಂಚಿನ ಕೆಲಸ. ಒಬ್ಬರು ಇನ್ನೊಬ್ಬರ ಹತ್ತಿರ ಹೋಗಿ ಕೇಳಿಕೊಳ್ಳುವುದು. ಅದಕ್ಕೆ ‘ಕರೆ’ ಸಾಕು ಅನಿಸುತ್ತದೆ. ಮದುವೆಗೆ ಕರೆಯುತ್ತೇವೆ, ಪೂಜೆಗೆ ಕರೆಯುತ್ತೇವೆ. ಬರುವುದು ಬಿಡುವುದು ಅವರಿಗೆ ಬಿಟ್ಟದ್ದು. ಬಾರದಿದ್ದರೆ ಮುಖ ತಿರುಗಿಸುವ ಹಾಗಿಲ್ಲ. ಡಾಕ್ಟರು ಕರೆಯುತ್ತಾರೆ, ರೋಗಿ ಬರುತ್ತಾರೆ ಅಥವಾ ಬರುವುದಿಲ್ಲ. ಇಬ್ಬರಿಗೂ ತಮ್ಮದೇ ಕ್ರಿಯಾಪದ ಉಂಟು.

&nbsp;

ತುಳು ಪದ ಹುಡುಕುವವನು, ಕಾರ್ಕಳ
ಸೋಮವಾರ ಬೆಳಿಗ್ಗೆ

‘ಕರೆ’ ಅಂದರೆ ಕಂಬಳದಲ್ಲಿ ಕೋಣ ಓಡುವ ಕರೆ. ಬಟ್ಟೆಗೆ ಹಿಡಿದ ಕಲೆಯೂ ಕರೆ. ಬಂದ್ ಕರೆ. ಇಷ್ಟೆಲ್ಲ ಗೊಂದಲ ಇರುವ ಪದ ಯಾಕೆ?

&nbsp;

ಅನುವಾದಕಿ, ಕದ್ರಿ
ಸೋಮವಾರ ಬೆಳಿಗ್ಗೆ

ನಾಮಪದ ಮಾಡುವುದಿಲ್ಲ. ‘ಕರೆದರೆ’, ‘ಕರೆಯುತ್ತಾರೆ’ ಅಂತ ಮಾತ್ರ ಬರೆಯುತ್ತೇನೆ. ಅಲ್ಲಿ ಕಂಬಳವೂ ಬರುವುದಿಲ್ಲ, ಕಲೆಯೂ ಬರುವುದಿಲ್ಲ.

&nbsp;

ನಿವೃತ್ತ ಕನ್ನಡ ಮೇಷ್ಟ್ರು, ಕುಂದಾಪುರ
ಸೋಮವಾರ ಮಧ್ಯಾಹ್ನ

‘ಕರೆದರೆ’ ಆದೀತು. ನೇಮದ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ.

&nbsp;

ಅನುವಾದಕಿ, ಕದ್ರಿ
ಸೋಮವಾರ ಸಂಜೆ

ಫೈಲ್ ಹೋಯಿತು. ಎಲ್ಲರಿಗೂ ಕೃತಜ್ಞತೆ. ಕೊನೆಗೆ ಉಳಿದದ್ದು ಇದು.

ಫಲಕ: ‘ಕಿಡ್ನಿ ಕಾಯಿಲೆ: ಅವರವರಿಗೆ ತಕ್ಕ ಚಿಕಿತ್ಸೆಯ ಹುಡುಕಾಟ. ಇದಕ್ಕೆ ಎಲ್ಲ ಥರದ ಜನ ಯಾಕೆ ಬೇಕು?’

ಹಾಳೆಯ ಎರಡನೇ ಪುಟ: ‘ಸಂಶೋಧನೆಗೆ ನಿಮ್ಮನ್ನು ಕರೆದರೆ. ಈ ಹಾಳೆಯಲ್ಲಿ ಹೇಳಿದ ಸಂಶೋಧನೆ ಅಮೆರಿಕದಲ್ಲಿ ನಡೆಯುತ್ತಿದೆ, ಇಲ್ಲಿ ಅಲ್ಲ. ಮುಂದೆ ಎಲ್ಲಿಯಾದರೂ ಯಾರಾದರೂ ಕರೆದರೆ, ನೀವು ಬರುತ್ತೇನೆ ಅನ್ನಬಹುದು. ಬರುವುದಿಲ್ಲ ಅನ್ನಬಹುದು. ಬಂದ ಮೇಲೆ ನಡುವೆ ಬಿಡಬಹುದು. ಯಾವುದಕ್ಕೂ ನಿಮ್ಮ ಚಿಕಿತ್ಸೆ ನಿಲ್ಲಬಾರದು. ಇದು ಚಿಕಿತ್ಸೆಯೋ ಸಂಶೋಧನೆಯೋ ಅಂತ ಕೇಳಿ. ಬಸ್ ಚಾರ್ಜು, ಹೋದ ದಿನದ ಕೂಲಿ ಯಾರು ಕೊಡುತ್ತಾರೆ ಅಂತ ಕೇಳಿ. ನಿಮ್ಮ ಭಾಷೆಯಲ್ಲಿ ಓದಿ ಹೇಳಲು ಹೇಳಿ.’

ಅದರ ಕೆಳಗೆ ಬಯಾಪ್ಸಿಯ ವಿವರ, ಶ್ಯಾವಿಗೆ ಎಳೆಯೊಂದಿಗೆ. ‘ಅಂಗಾಂಶ’ ಎಲ್ಲೂ ಇಲ್ಲ.

ಮಧ್ಯಾಹ್ನ ಪ್ರಿಂಟ್ ತೆಗೆದುಕೊಂಡು ಮತ್ತೆ ಆ ಬೆಂಚಿಗೆ ಹೋಗಿದ್ದೆ. ಬೆಂಗ್ರೆಯ ಅಮ್ಮ ಇದ್ದರು. ಪೂರ್ತಿ ಓದಿ ಹೇಳಿದೆ. ಈ ಸಲ ಸಂಬಳ ಕೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಚಿಕ್ಕವನಿಗೂ ಮೊನ್ನೆ ಕ್ರಿಯಾಟಿನಿನ್ ಜಾಸ್ತಿ ಬಂದಿದೆ. ಅವನನ್ನು ಯಾರಾದ್ರೂ ಕರೆದ್ರೆ, ತುಣುಕು ಕೊಟ್ಟ ಮೇಲೆ ಎಷ್ಟು ದಿನ ಬಲೆ ಎಳೆಯಬಾರದು?” ಅಂತ ಕೇಳಿದರು.

ಅದು ಹಾಳೆಯಲ್ಲಿ ಇರಲಿಲ್ಲ. ಒಳಗೆ ಹೋಗಿ ಡಾಕ್ಟರನ್ನು ಕೇಳಿದೆ. ಎರಡು ವಾರ ಭಾರ ಎತ್ತಬಾರದು, ಎಳೆಯಬಾರದು ಅಂದರು. ಆರು ಗಂಟೆಗೆ ಹತ್ತು ನಿಮಿಷ ಇರುವಾಗ ಆ ಸಾಲನ್ನು ಸೇರಿಸಿ ಕಳಿಸಿದೆ.